ಸಾಯುವ ಮೊದಲು ನೋಡಬೇಕಂತೆ

ಕನ್ನಡದಲ್ಲಿ ಕರ್ತೃಪದವಿಲ್ಲದೆ ವಾಕ್ಯ ಕಟ್ಟಬಹುದು; ಸಾಮಾನ್ಯವಾಗಿ ಅದರಿಂದ ಅರ್ಥಕ್ಕೆ ಕೊರತೆಯಾಗುವುದಿಲ್ಲ. 'ಸಾಯುವ ಮೊದಲು ಒಮ್ಮೆ ನೋಡಬೇಕು' ಎಂದು ನಮ್ಮ ಹಿರಿಯರು ಕಾಶಿಯನ್ನೋ ಬದರಿಯನ್ನೋ ಕುರಿತು ಹೇಳುತ್ತಿದ್ದಾಗ ಸಾಯುವವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಸಾಯುವವನು ಯಾತ್ರಿಕ, ಕಾಶಿ ಇದ್ದೇ ಇರುತ್ತದೆ. ಈಚೆಗೆ ಅದೇ ವಾಕ್ಯವನ್ನು ಹವಳದ ದಿಬ್ಬಗಳ ಬಗ್ಗೆ ಕೇಳುತ್ತಿದ್ದೇನೆ. ಒಂದಕ್ಷರವೂ ಬದಲಾಗಿಲ್ಲ, ಸಾಯುವವರು ಮಾತ್ರ ಬದಲಾಗಿದ್ದಾರೆ. ಈಗ ಯಾತ್ರಿಕ ಬದುಕಿರುತ್ತಾನೆ, ಕ್ಷೇತ್ರ ಸಾಯುತ್ತದೆ. ಅದು ಸಾಯುವುದರೊಳಗೆ ಅವನು ಹೋಗಿ ಬರಬೇಕಂತೆ.

ಈ ಮಾತು ಎತ್ತಲು ಕಾರಣವಿದೆ. ಮುಂಬಯಿಯ ನಮ್ಮ ಬಳಗದ ನಾಲ್ಕು ಕುಟುಂಬಗಳು ಮುಂದಿನ ಸೆಪ್ಟೆಂಬರಿನಲ್ಲಿ ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ಹೋಗುವ ಯೋಜನೆ ಹಾಕಿವೆ. ನನ್ನನ್ನೂ ಕರೆದಿದ್ದಾರೆ, ಯೋಜನೆಯ ಪಟ್ಟಿಯನ್ನೂ ಕಳಿಸಿದ್ದಾರೆ. ಏಳು ದಿನ, ಮೂರು ದ್ವೀಪ: ಅರೂಬಾ, ಕ್ಯುರಸಾವ್, ಬೊನೇರ್. ವಿಮಾನ, ವೀಸಾ, ಹೋಟೆಲು, ಸಸ್ಯಾಹಾರದ ವ್ಯವಸ್ಥೆ, ನೀರಿನೊಳಗೆ ನಡೆಯುವ ಕ್ಯಾಮೆರಾ, ಎಲ್ಲಕ್ಕೂ ಒಂದೊಂದು ಸಾಲು. ಹವಳಕ್ಕೆ ಒಂದು ಸಾಲೂ ಇಲ್ಲ. ಹೊರಟವರಲ್ಲಿ ಒಬ್ಬರನ್ನು ಬಿಟ್ಟರೆ ಉಳಿದವರ ಡೈವಿಂಗ್ ಅನುಭವವೆಂದರೆ, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ತರಬೇತುದಾರ ಬೆನ್ನಿನ ಸಿಲಿಂಡರ್ ಹಿಡಿದುಕೊಂಡಿರಲು, ಅರ್ಧ ಗಂಟೆ ಮುಳುಗಿ ಎದ್ದದ್ದು. ಏಕಿಷ್ಟು ಅವಸರ ಎಂದರೆ ಉತ್ತರ ಒಂದೇ: ಇನ್ನು ಹತ್ತು ವರ್ಷಕ್ಕೆ ಅಲ್ಲಿ ಏನೂ ಉಳಿದಿರುವುದಿಲ್ಲ. ಸ್ನೇಹಿತರಿಗೆ ಮನೆಯಲ್ಲಿ ಹೇಳಬಹುದಾದ ಮಾತನ್ನು ಇಲ್ಲಿ ಬರೆಯುತ್ತಿರುವುದು, ಇದು ನಾಲ್ಕು ಕುಟುಂಬಗಳ ವಿಚಾರ ಮಾತ್ರವಲ್ಲ ಎಂಬ ಕಾರಣಕ್ಕೆ. ಊರು ಬಿಟ್ಟು ಬಂದು ಎರಡು ದಶಕ ದುಡಿದು, ಸಾಲ ತೀರಿಸಿ, ಈಗ ತಾನೇ ಕೈ ಬಿಡುವಾದ ನಮ್ಮ ಇಡೀ ವರ್ಗದ ವಿಚಾರ ಇದು.

ನನ್ನಂಥ ಕೇಂದ್ರ ಸರಕಾರಿ ನೌಕರರಿಗೆ ಈ ಅವಸರದ ಪರಿಚಯ ಚೆನ್ನಾಗಿಯೇ ಇದೆ. ಇದರ ಹೆಸರು ಮಾರ್ಚ್ ತಿಂಗಳು. ಅನುದಾನ ಮೂವತ್ತೊಂದನೆಯ ತಾರೀಖಿಗೆ ಲ್ಯಾಪ್ಸ್ ಆಗುತ್ತದೆ. ಆದ್ದರಿಂದ ಬೇಕೋ ಬೇಡವೋ ಕುರ್ಚಿ ಕೊಳ್ಳು, ಪರದೆ ಕೊಳ್ಳು. ವಸ್ತುವಿನ ಅಗತ್ಯ ಖರ್ಚಿಗೆ ಕಾರಣವಲ್ಲ, ಹಣ ಮುಗಿಯಲಿದೆ ಎಂಬುದೇ ಕಾರಣ. ವರ್ಷದ ಕೊನೆಯ ತಿಂಗಳುಗಳ ಇಂಥ ನೂಕುನುಗ್ಗಲು ಆರ್ಥಿಕ ಔಚಿತ್ಯದ ಉಲ್ಲಂಘನೆಯೆಂದು ಸರಕಾರದ ಸಾಮಾನ್ಯ ಹಣಕಾಸು ನಿಯಮಗಳೇ ಹೇಳುತ್ತವೆ. ಕಚೇರಿಯ ಹಣದ ವಿಷಯದಲ್ಲಿ ನಾವು ನಾಚಿಕೆಪಡುವ ತರ್ಕವನ್ನು ಸಮುದ್ರದ ವಿಷಯದಲ್ಲಿ ಜೀವನಪ್ರೀತಿ ಎಂದು ಕರೆಯುತ್ತಿದ್ದೇವೆ. ಅದು ಮುಗಿಯುತ್ತಿದೆ ಎಂಬುದು ಹೋಗಲು ಕಾರಣವಾಗಲಾರದು. ಮುಗಿಯುತ್ತಿರುವುದು ನಿಜವಾದರೆ, ಹೋಗದಿರಲು ಅದೇ ಮೊದಲ ಕಾರಣವಾಗಬೇಕು.

ಮುಗಿಯುತ್ತಿರುವುದು ನಿಜವೇ? ಅರ್ಧ ನಿಜ. ಹವಳ ಕಲ್ಲಲ್ಲ, ಪಾಲಿಪ್ ಎಂಬ ಪುಟ್ಟ ಪ್ರಾಣಿಗಳ ಕೂಡುಕುಟುಂಬ. ಅವುಗಳ ಒಡಲಲ್ಲಿ ಪಾಚಿ ಜಾತಿಯ ಸೂಕ್ಷ್ಮಜೀವಿಗಳು ನೆಲೆಸಿ, ಬಿಸಿಲಿನಿಂದ ಅಡುಗೆ ಮಾಡಿ ಬಡಿಸುತ್ತವೆ. ಹವಳಕ್ಕೆ ಬಣ್ಣ ಕೊಡುವುದರಲ್ಲಿಯೂ ಅವುಗಳದೇ ದೊಡ್ಡ ಪಾಲು. ನೀರಿನ ಬಿಸಿ ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಈ ಸಂಸಾರ ಒಡೆಯುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಹವಳ ಸತ್ತ ಹವಳವಲ್ಲ. ನೀರು ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಆಗದಿದ್ದರೆ ಹಸಿವಿನಿಂದ ಸಾಯುತ್ತದೆ. 2023ರಲ್ಲಿ ಕೆರಿಬಿಯನ್ ಸಮುದ್ರ ಹಿಂದೆಂದೂ ಇಲ್ಲದಂತೆ ಕಾಯಿತು. 2024ರ ಏಪ್ರಿಲಿನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿತು.

ಬಿಸಿಯೊಂದೇ ಅಲ್ಲ. 1983–84ರಲ್ಲಿ ಕೆರಿಬಿಯನ್ನಿನ ಕಪ್ಪು ಮುಳ್ಳಿನ ಕಡಲಚೆಂಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಂಕ್ರಾಮಿಕಕ್ಕೆ ಬಲಿಯಾದವು. ಹವಳದ ಮೇಲಿನ ಪಾಚಿಯನ್ನು ಮೇಯುವ ದನಗಳು ಅವು. ಮೇಯುವವರಿಲ್ಲದೆ ಪಾಚಿ ಹಬ್ಬಿ ಹವಳದ ಉಸಿರು ಕಟ್ಟಿತು. 2014ರಲ್ಲಿ ಫ್ಲಾರಿಡಾದ ಮಯಾಮಿ ಬಳಿ ಮೊದಲು ಕಂಡ, ಗಟ್ಟಿ ಹವಳಗಳ ಮಾಂಸವನ್ನೇ ಕಳಚಿಹಾಕುವ ಹೊಸ ರೋಗವು ದ್ವೀಪದಿಂದ ದ್ವೀಪಕ್ಕೆ ದಾಟಿ 2023ರಲ್ಲಿ ಬೊನೇರ್ ಮುಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹವಳಗಳಿಗೆ ತಗಲುವ ರೋಗ ಇದು. ಮೆಕ್ಸಿಕೋದ ಕೊಸುಮೆಲ್ ದ್ವೀಪದಲ್ಲಿ ಇದೇ ರೋಗ ಹಬ್ಬಿದಾಗ, 2019ರ ಅಕ್ಟೋಬರಿನಲ್ಲಿ, ಪಲಾಂಕರ್ ಮೊದಲಾದ ಹೆಸರುವಾಸಿ ತಾಣಗಳನ್ನು ಪ್ರವಾಸಿಗರಿಗೆ ಕೆಲಕಾಲ ಮುಚ್ಚಿಯೇಬಿಟ್ಟರು. ಒಂದು ತಾಣದಲ್ಲಿ ಮುಳುಗಿದವರು ಇನ್ನೊಂದಕ್ಕೆ ಹೋಗುವ ಮೊದಲು ತಮ್ಮ ಉಡುಪು, ಸಲಕರಣೆಗಳನ್ನು ರೋಗಾಣುಮುಕ್ತಗೊಳಿಸಬೇಕೆಂದು ಈಗ ಎಲ್ಲೆಡೆ ಹೇಳುತ್ತಾರೆ. ಏಳು ದಿನಕ್ಕೆ ಮೂರು ದ್ವೀಪ ಎಂಬ ಹೆಮ್ಮೆಯ ಸಾಲನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಓದಬೇಕು.

ಆದರೂ ಅರ್ಧ ನಿಜ ಎಂದೆ. ಕೆರಿಬಿಯನ್ ಹವಳದ ಕುರಿತು 2014ರಲ್ಲಿ ಬಂದ ದೊಡ್ಡ ಅಂತರರಾಷ್ಟ್ರೀಯ ವರದಿಯೊಂದು, ನಾಲ್ಕು ದಶಕದಲ್ಲಿ ಅರ್ಧಕ್ಕಿಂತ ಹೆಚ್ಚು ಜೀವಂತ ಹವಳ ನಷ್ಟವಾಗಿದೆ ಎಂದಿತು. ಅದೇ ವರದಿ, ಪಾಚಿ ತಿನ್ನುವ ಗಿಣಿಮೀನುಗಳನ್ನು ಕಾಪಾಡಿದ, ಮೀನುಗಾರಿಕೆಗೆ ಕಡಿವಾಣ ಹಾಕಿದ ಕಡೆ ಹವಳ ಉಳಿದುಕೊಂಡಿದೆ ಎಂದೂ ಹೇಳಿ, ಅಂಥ ಕಡೆಗಳಲ್ಲಿ ಬೊನೇರನ್ನು ಹೆಸರಿಸಿತು. ಉಳಿದುಕೊಂಡದ್ದು ಆಕಸ್ಮಿಕವಲ್ಲ. 1961ರಲ್ಲಿ ಕಡಲಾಮೆಗಳಿಗೆ ರಕ್ಷಣೆ, 1971ರಲ್ಲಿ ನೀರೊಳಗೆ ಈಟಿ ಹಿಡಿದು ಮೀನು ಹೊಡೆಯುವುದಕ್ಕೆ ನಿಷೇಧ, 1975ರಲ್ಲಿ ಹವಳ ಕೀಳುವುದಕ್ಕೆ ನಿಷೇಧ, 1979ರಲ್ಲಿ ದ್ವೀಪದ ಸುತ್ತ ಸಮುದ್ರ ಉದ್ಯಾನ. ಇಷ್ಟನ್ನೂ ಮಾಡಿದ್ದು 288 ಚದರ ಕಿಲೋಮೀಟರಿನ, ಇಂದಿಗೂ ಇಪ್ಪತ್ತೈದು ಸಾವಿರದ ಆಸುಪಾಸು ಜನಸಂಖ್ಯೆಯ ಒಂದು ದ್ವೀಪ. ಅಲ್ಲಿನವರು ಚಿಕಿತ್ಸೆ ನಡೆಸುತ್ತಿದ್ದಾರೆ. ಹವಳದ ತುಂಡುಗಳನ್ನು ನೀರೊಳಗಿನ ನರ್ಸರಿಯಲ್ಲಿ ಬೆಳೆಸಿ ದಿಬ್ಬಕ್ಕೆ ನೆಡುತ್ತಿದ್ದಾರೆ. ಚಿಕಿತ್ಸೆ ನಡೆದಿರುವ ಮನೆಗೆ ಅಂತಿಮದರ್ಶನಕ್ಕೆಂದು ಹೋಗುವವರನ್ನು ಏನೆನ್ನಬೇಕು? ಸಾವಿನ ಸುದ್ದಿ ಹಬ್ಬಿಸಿ ಟಿಕೆಟ್ಟು ಮಾರುವವರನ್ನು ಏನೆನ್ನಬೇಕು?

'ನಾವೇನು ಹವಳ ಕೀಳಲು ಹೋಗುತ್ತೇವೆಯೇ? ನೋಡಿ ಬರುತ್ತೇವೆ' ಎಂಬುದು ಮೊದಲ ಸಮಜಾಯಿಷಿ. ನೀರೊಳಗೆ ಬರಿದೇ ನೋಡುವುದು ಅಷ್ಟು ಸುಲಭವಲ್ಲ. ಸೇಂಟ್ ಲೂಸಿಯಾ ದ್ವೀಪದಲ್ಲಿ 353 ಡೈವರ್‌ಗಳ ಹಿಂದೆ ಈಜಿ ಅವರ ವರ್ತನೆಯನ್ನು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದೇ ಮುಳುಗಿನಲ್ಲಿ ಒಮ್ಮೆಯಾದರೂ ಹವಳಕ್ಕೆ ತಾಗಿದರು. ಹೆಚ್ಚಿನ ತಾಗುವಿಕೆ ಕಾಲಿಗೆ ಕಟ್ಟಿಕೊಂಡ ಫಿನ್‌ಗಳಿಂದ. ಅಂದರೆ ತಾಗಿದ್ದು ತಾಗಿಸಿದವರಿಗೆ ಅನೇಕ ವೇಳೆ ಗೊತ್ತೂ ಆಗದ ಹಾಗೆ. ಕ್ಯಾಮೆರಾ ಹಿಡಿದವರು ಹಿಡಿಯದವರಿಗಿಂತ ಹೆಚ್ಚು ತಾಗಿಸಿದರು. ನೀರಿಗಿಳಿಯುವ ಮೊದಲು ಕೊಟ್ಟ ಚುಟುಕು ಎಚ್ಚರಿಕೆಯಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಮಾರ್ಗದರ್ಶಕ ನೀರೊಳಗೇ ಮಧ್ಯೆ ಬಂದು ತಿದ್ದಿದಾಗ ಮಾತ್ರ ಆಯಿತು. ದೊಡ್ಡ ಗುಂಡು ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ. ನಮ್ಮ ಕಾಲಿನ ಒಂದು ಒದೆತಕ್ಕೆ ಒಡೆದದ್ದು ನಮ್ಮ ಮಕ್ಕಳು ಮುದುಕರಾದಾಗಲೂ ಕೂಡಿಕೊಂಡಿರುವುದಿಲ್ಲ.

ಬೊನೇರಿನಲ್ಲಿಯೇ 1990ರ ದಶಕದ ಆರಂಭದಲ್ಲಿ ಇನ್ನೊಂದು ಲೆಕ್ಕ ಹಾಕಿದ್ದರು: ಒಂದು ತಾಣ ವರ್ಷಕ್ಕೆ ಎಷ್ಟು ಮುಳುಗುಗಳನ್ನು ತಾಳಿಕೊಂಡೀತು? ಬಂದ ಉತ್ತರ 4,000ದಿಂದ 6,000. ಅದರಾಚೆಗೆ ಹವಳ ಕಾಣುವಂತೆ ಸವೆಯುತ್ತದೆ. ಎಲ್ಲರೂ ಬಯಸುವ ಹೆಸರಾಂತ ತಾಣವೇ ನಮ್ಮ ಪಟ್ಟಿಯಲ್ಲೂ ಇರುವುದರಿಂದ, ಆ ಮಿತಿಯನ್ನು ದಾಟಿಸುವವರಲ್ಲಿ ನಾವೂ ಸೇರುತ್ತೇವೆ. ದ್ವೀಪದ ರಸ್ತೆಯುದ್ದಕ್ಕೂ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಹತ್ತಾರು ತಾಣಗಳ ಹೆಸರು ಬರೆದಿದ್ದಾರೆ. ದಡದಿಂದಲೇ ನಡೆದು ನೀರಿಗಿಳಿಯಬಹುದು. ಹಾಗಿದ್ದೂ ಫೋಟೋದಲ್ಲಿ ಕಂಡ ನಾಲ್ಕೇ ತಾಣಗಳು ನಮಗೆ ಬೇಕು.

ಹಾಗಾದರೆ ಯಾರೂ ಹೋಗಲೇಬಾರದೇ? ನನ್ನ ವಾದ ಅದಲ್ಲ. ಮನೆಯಲ್ಲಿ ಕುಳಿತ ಪರಿಶುದ್ಧರ ಬಗ್ಗೆಯೂ ನನಗೆ ತಕರಾರಿದೆ. 1979ರಲ್ಲಿ ಸ್ಥಾಪನೆಯಾದ ಬೊನೇರಿನ ಸಮುದ್ರ ಉದ್ಯಾನ ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಹೆಸರಿಗಷ್ಟೇ ಉಳಿಯಿತು. ಮತ್ತೆ ಜೀವ ಬಂದದ್ದು 1990ರ ದಶಕದ ಮೊದಲಿಗೆ, ಪ್ರತಿ ಡೈವರ್‌ನಿಂದ ವರ್ಷಕ್ಕೆ ಹತ್ತು ಡಾಲರ್ ಶುಲ್ಕ ವಸೂಲು ಮಾಡತೊಡಗಿದಾಗ. ಆ ಶುಲ್ಕ ಈಗ ನಲವತ್ತು ಡಾಲರಿನಷ್ಟಿದೆ. ಕಾವಲು ದೋಣಿ, ಕಾವಲುಗಾರರ ಸಂಬಳ, ಲಂಗರು ಹಾಕಿ ಹವಳ ಒಡೆಯದಂತೆ ದೋಣಿ ಕಟ್ಟಲು ಇಟ್ಟ ತೇಲುಬುಂಡೆಗಳು, ಇವೆಲ್ಲಕ್ಕೂ ಆಧಾರ ಆ ಹಣ. ಯಾರೂ ಹೋಗದಿದ್ದರೆ ಹವಳ ತನ್ನಷ್ಟಕ್ಕೆ ಸುಖವಾಗಿರುತ್ತದೆ ಎಂಬುದು ಪಟ್ಟಣದಲ್ಲಿ ಹುಟ್ಟಿದ ಭ್ರಮೆ. ಹೋಗುವವರು ಬೇಕು. ಆದರೆ ಎಂಥವರು ಎಂಬುದೇ ಪ್ರಶ್ನೆ.

ಇನ್ನು ನಮ್ಮವರ ಬತ್ತಳಿಕೆಯಲ್ಲಿರುವ ಕೊನೆಯ ಅಸ್ತ್ರ. 'ಭೂಮಿ ಕಾಯಿಸಿದವರು ಯುರೋಪು, ಅಮೆರಿಕದವರು. ನೂರೈವತ್ತು ವರ್ಷ ಅವರು ಹೊಗೆಯೆಬ್ಬಿಸಿ ಊರೆಲ್ಲ ತಿರುಗಿದರು. ನಮ್ಮ ಸರದಿ ಬಂದಾಗ ಉಪದೇಶವೇ?' ಈ ಮಾತಿನ ಮೊದಲ ಭಾಗ ಸತ್ಯ. ಅಂತರರಾಷ್ಟ್ರೀಯ ಸಭೆಗಳಲ್ಲಿ ಭಾರತ ಈ ವಾದವನ್ನು ಮಂಡಿಸುವುದು ನ್ಯಾಯವಾಗಿಯೇ ಇದೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದವರದು ಅದರ ಹಲವು ಪಟ್ಟು. ಆದರೆ ನಮ್ಮ ಆ ಸರಾಸರಿ ಇಷ್ಟು ಕಡಿಮೆ ಇರುವುದು ಯಾರಿಂದ? ಎಂದೂ ವಿಮಾನ ಹತ್ತದವರಿಂದ, ಬೇಸಗೆಯಲ್ಲಿ ಒಂದು ಫ್ಯಾನಿನಡಿ ಐವರು ಮಲಗುವವರಿಂದ. ಮುಂಬಯಿಯಿಂದ ಆಮ್‌ಸ್ಟರ್‌ಡ್ಯಾಮ್ ಹಾದು ಬೊನೇರಿಗೆ ಹೋಗಿಬರಲು ಸುಮಾರು 29,000 ಕಿಲೋಮೀಟರ್ ಹಾರಬೇಕು. ಎಷ್ಟು ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೂ ಒಂದು ಸೀಟಿನ ಪಾಲಿಗೆ ಬರುವ ಹೊಗೆ ಎರಡು ಟನ್ನು ಮೀರುತ್ತದೆ. ಸರಾಸರಿ ಭಾರತೀಯ ಇಡೀ ವರ್ಷ ಉಂಡು, ಉಟ್ಟು, ಓಡಾಡಿ ಮಾಡುವುದನ್ನು ಒಂದು ವಾರದ ಮೋಜಿಗೆ ಮಾಡಿ, ಕೇಳಿದವರಿಗೆ ಆ ಬಡವನ ಸರಾಸರಿಯನ್ನೇ ಗುರಾಣಿಯಾಗಿ ಹಿಡಿಯುವುದು ನ್ಯಾಯವಲ್ಲ. ದೇಶದ ವಾದ ದೇಶದ್ದು. ಏಳನೆಯ ವೇತನ ಆಯೋಗದ ಸಂಬಳ ಎಣಿಸುವ ನನ್ನಂಥವನು ಅದನ್ನು ಎರವಲು ಪಡೆಯುವ ಹಾಗಿಲ್ಲ.

ಇನ್ನೂ ಒಂದಿದೆ. ಯುರೋಪಿನ ಮೇಲಿನ ನಮ್ಮ ಲೆಕ್ಕವನ್ನು ಬೊನೇರಿನಿಂದ ವಸೂಲು ಮಾಡಲು ನಾವು ಯಾರು? ಬೊನೇರ್ 2010ರ ಅಕ್ಟೋಬರ್ 10ರಿಂದ ನೆದರ್‌ಲ್ಯಾಂಡ್ಸ್ ದೇಶದ ವಿಶೇಷ ಪುರಸಭೆ. ಹವಾಮಾನ ಬದಲಾವಣೆಯಿಂದ ನಮ್ಮನ್ನು ಕಾಪಾಡುತ್ತಿಲ್ಲ ಎಂದು ಅಲ್ಲಿನ ಕೆಲವು ನಿವಾಸಿಗಳು, ಗ್ರೀನ್‌ಪೀಸ್ ಜೊತೆ ಸೇರಿ, 2024ರಲ್ಲಿ ಡಚ್ ಸರಕಾರದ ಮೇಲೆಯೇ ದಾವೆ ಹೂಡಿದರು. ನಾವು ಜಗತ್ತಿನ ಮುಂದೆ ಆಡುವ ಮಾತನ್ನೇ ಅವರೂ ಆಡುತ್ತಿದ್ದಾರೆ. ನಾವಿಬ್ಬರೂ ಒಂದೇ ಕಡೆಯ ಫಿರ್ಯಾದಿಗಳು. ಅವರ ಅಂಗಳದಲ್ಲಿ ನಾವು ಎದುರುಕಡೆಯವರಂತೆ ನಡೆದುಕೊಳ್ಳಬಾರದು.

ಆಂಟಿಗಾ ದ್ವೀಪದ ಲೇಖಕಿ ಜಮೈಕಾ ಕಿಂಕೇಡ್ 1988ರಲ್ಲಿ 'ಎ ಸ್ಮಾಲ್ ಪ್ಲೇಸ್' ಎಂಬ ಸಣ್ಣ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ಪ್ರವಾಸಿಗನನ್ನೇ ಎದುರಿಗೆ ನಿಲ್ಲಿಸಿಕೊಂಡು ನೇರವಾಗಿ ಮಾತಾಡುತ್ತಾರೆ. ನಮ್ಮ ಪೀಳಿಗೆಯ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳು ಇಂಥ ಬರಹ ಓದುವಾಗ ನಮಗೆ ನಾವೇ ಲೇಖಕಿಯ ಪಕ್ಕದಲ್ಲಿ ಕುಳಿತವರು, ಬೈಸಿಕೊಳ್ಳುವವನು ಬಿಳಿಯ. ವಸಾಹತುಶಾಹಿಯ ಮೇಲೆ ಪುಟಗಟ್ಟಲೆ ಉತ್ತರ ಬರೆದು ಅಂಕ ಗಳಿಸಿದೆವು. ಈಗ ಕಿಸೆಯಲ್ಲಿ ಡಾಲರ್ ಇರುವಾಗ ಆ ಪ್ರವಾಸಿಗನ ಕುರ್ಚಿಯಲ್ಲಿ ನಾವೇ ಕುಳಿತಿದ್ದೇವೆ. ಚರ್ಮದ ಬಣ್ಣ ಬೇರೆಯೆಂದು ಕುರ್ಚಿ ಬೇರೆಯಾಗುವುದಿಲ್ಲ.

ಬೊನೇರಿನ ದಕ್ಷಿಣ ತುದಿಯಲ್ಲಿ ಉಪ್ಪಿನ ಗದ್ದೆಗಳಿವೆ. ಅವುಗಳ ದಡದಲ್ಲಿ 1850ರ ಸುಮಾರಿಗೆ ಕಟ್ಟಿದ, ಒಳಗೆ ನೆಟ್ಟಗೆ ನಿಲ್ಲಲೂ ಆಗದಷ್ಟು ಕುಳ್ಳಾದ ಕಲ್ಲಿನ ಗೂಡುಗಳ ಸಾಲಿದೆ. ಉಪ್ಪು ತೆಗೆಯುತ್ತಿದ್ದ ಗುಲಾಮರು ಮಲಗುತ್ತಿದ್ದದ್ದು ಅವುಗಳಲ್ಲಿ. ಡಚ್ಚರು ಇಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1863ರಲ್ಲಿ. ಅದೇ ದಡದ ಎರಡು ಡೈವಿಂಗ್ ತಾಣಗಳ ಹೆಸರು 'ರೆಡ್ ಸ್ಲೇವ್', 'ವೈಟ್ ಸ್ಲೇವ್'. ನಮ್ಮ ಪ್ರವಾಸ ಲೇಖನಗಳಲ್ಲಿ ಇಂಥ ಕಡಲತೀರಗಳಿಗೆಲ್ಲ 'ಭೂಲೋಕದ ಸ್ವರ್ಗ' ಎಂಬ ಒಂದೇ ಮೊಹರು. ಆ ಗೂಡಿನ ಬಾಗಿಲಿಗೆ ಬಗ್ಗಿ ನೋಡಿದವರು ಆ ಪದವನ್ನು ಹಿಂದೆ ತೆಗೆದುಕೊಳ್ಳಬೇಕಾಗುತ್ತದೆ. ಅಲ್ಲಿನ ಜನರ ಮಾತು ಪಾಪಿಯಮೆಂಟು. ಪೋರ್ಚುಗೀಸ್, ಸ್ಪ್ಯಾನಿಷ್, ಡಚ್, ಆಫ್ರಿಕದ ಮಾತುಗಳು ಬೆರೆತು, ಗುಲಾಮಗಿರಿಯ ಕಾಲದಲ್ಲಿ ಬೆಳೆದ ಭಾಷೆ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡದಲ್ಲಿ ಒಂದು ಮಾತಾಡದವರ ಬಗ್ಗೆ ಹೊರನಾಡಿನಲ್ಲಿ ಕುಳಿತು ಸಿಟ್ಟಾಗುವ ನಾವು, ಒಂದು ವಾರಕ್ಕೆ ಹೋದರೂ 'ಬೊನ್ ದಿಯಾ' ಎಂದು ನಮಸ್ಕಾರ, 'ಮಾಷಾ ದಂಕಿ' ಎಂದು ಧನ್ಯವಾದ ಹೇಳುವಷ್ಟಾದರೂ ಕಲಿತು ಹೊರಡಬೇಕಲ್ಲವೇ?

ಈಗ ಯೋಜನೆಯ ಪಟ್ಟಿಗೆ ಬರುತ್ತೇನೆ. ಬೇಡ ಎನ್ನುವವನು ಬೇಕಾದದ್ದೇನೆಂದು ಹೇಳಬೇಕು. ಮೊದಲ ಸಾಲು ವಿಮಾನದ್ದಲ್ಲ, ಈಜುಕೊಳದ್ದಾಗಲಿ. ಈಜು ಬಾರದವರು ಮೊದಲು ಈಜು ಕಲಿಯಲಿ. ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು ಕ್ರಮವಾದ ಡೈವಿಂಗ್ ಶಿಕ್ಷಣ ಪಡೆಯಲಿ. ಏರದೆ ಇಳಿಯದೆ, ಕೈ ಬಡಿಯದೆ, ನೀರಿನ ನಡುವೆ ಉಸಿರಿನ ಹತೋಟಿಯಿಂದಲೇ ನಿಲ್ಲಲು ಬರುವವರೆಗೆ ಹವಳದ ಹತ್ತಿರ ಹೋಗದಿರಲಿ. ಇದಕ್ಕೆ ಒಂದು ವರ್ಷ ಹಿಡಿದರೆ ಹಿಡಿಯಲಿ, ಹವಳ ಒಂದು ವರ್ಷದಲ್ಲಿ ಮುಗಿದುಹೋಗುವುದಿಲ್ಲ. ಮೊದಲ ಪ್ರವಾಸದಲ್ಲಿ ಕ್ಯಾಮೆರಾ ಬೇಡವೇ ಬೇಡ.

ಎರಡನೆಯದಾಗಿ, ಮೂರು ದ್ವೀಪ ಬಿಟ್ಟು ಒಂದೇ ದ್ವೀಪ. ಏಳು ದಿನ ಬಿಟ್ಟು ಎರಡು ಮೂರು ವಾರ. ನಮ್ಮ ಸ್ನೇಹಿತರ ಪಟ್ಟಿ ಹವಳದ ಮಾತಿರಲಿ, ತನ್ನ ಲೆಕ್ಕದಲ್ಲಿಯೇ ನಿಲ್ಲುವುದಿಲ್ಲ. ಹಲವು ದಿನ ಮುಳುಗಿದ ಮೇಲೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡುವು ಕೊಡಬೇಕೆಂದು ಡೈವಿಂಗ್ ಸುರಕ್ಷತೆಯ ಸಂಸ್ಥೆಗಳು ಹೇಳುತ್ತವೆ; ರಕ್ತದಲ್ಲಿ ಕರಗಿದ ಸಾರಜನಕ ಮೈಯಿಂದ ಹೊರಬೀಳಲು ಬೇಕಾದ ಸಮಯ ಅದು. ದ್ವೀಪದಿಂದ ದ್ವೀಪಕ್ಕೆ ಎರಡು ಹಾರಾಟ, ಮರಳಲು ಒಂದು. ಏಳು ದಿನಗಳಲ್ಲಿ ಎರಡು ದಿನಕ್ಕೂ ಹೆಚ್ಚು ಕಾಲ ಹೋಟೆಲಿನಲ್ಲಿ ಕೂರುವುದಕ್ಕೇ ಹೋಗುತ್ತದೆ. ಕೂರದಿದ್ದರೆ ಅಪಾಯ ಮೈಗೆ.

ಮೂರನೆಯದು ತಿಂಗಳು. ಟಿಕೆಟ್ಟು ಅಗ್ಗ ಎಂದು ಆರಿಸಿದ ಸೆಪ್ಟೆಂಬರಿನಲ್ಲಿ ಅಲ್ಲಿನ ಸಮುದ್ರ ಅತ್ಯಂತ ಬಿಸಿಯಾಗಿರುತ್ತದೆ, ಹವಳ ಬಿಳಿಚುವುದು ಆಗಲೇ. ಜ್ವರ ಬಂದವರ ಮನೆಗೆ ಜ್ವರ ಏರಿದ ಹೊತ್ತಿಗೇ ನೆಂಟರು ಹೋಗುವುದಿಲ್ಲ. ನೀರು ತಣ್ಣಗಿರುವ ಫೆಬ್ರವರಿ, ಮಾರ್ಚ್ ನೋಡಿಕೊಳ್ಳಲಿ. ಉಳಿದದ್ದೆಲ್ಲ ಸಣ್ಣ ಸಂಗತಿ. ಶುಲ್ಕವನ್ನು ಗೊಣಗದೆ ಕೊಡುವುದು, ಷೆಂಗೆನ್ ವೀಸಾ ಇದ್ದಮಾತ್ರಕ್ಕೆ ಸಾಕೆಂದುಕೊಳ್ಳದೆ ಡಚ್ ಕೆರಿಬಿಯನ್ನಿನ ವೀಸಾ ನಿಯಮ ಬೇರೆಯೆಂದು ತಿಳಿದು ವಿಚಾರಿಸುವುದು, ಮೈಗೆ ಸನ್‌ಸ್ಕ್ರೀನ್ ಮೆತ್ತುವ ಬದಲು ತುಂಬುತೋಳಿನ ಅಂಗಿ ತೊಡುವುದು, ಕೈಗವಸು ಒಯ್ಯದಿರುವುದು. ಬೊನೇರಿನ ಉದ್ಯಾನದಲ್ಲಿ ಕೈಗವಸಿಗೆ ನಿಷೇಧವಿದೆ, ಏಕೆಂದರೆ ಕೈಗವಸು ತೊಟ್ಟ ಕೈ ಮುಟ್ಟಲು ಅಂಜುವುದಿಲ್ಲ.

ಇಷ್ಟಕ್ಕೆ ಸಮಯವಿಲ್ಲ, ಹಣವಿಲ್ಲ, ರಜೆಯಿಲ್ಲ ಎನ್ನುವವರು ಹೋಗಬಾರದು. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣಲಿಲ್ಲ. ಜೀವನದಲ್ಲಿ ನೋಡದೆ ಬಿಟ್ಟದ್ದು ಪ್ರತಿಯೊಬ್ಬರಿಗೂ ಇರುತ್ತದೆ. ಎಲ್ಲವನ್ನೂ ನೋಡಲೇಬೇಕೆಂಬ ಹಟವಿಲ್ಲದೆ ನಮ್ಮ ಹಿಂದಿನವರು ತುಂಬು ಬಾಳು ಬಾಳಿದರು. ವಿದೇಶಕ್ಕೆ ಹೋಗಲು ನಮ್ಮಂಥ ನೌಕರರು ಇಲಾಖೆಯ ಪೂರ್ವಾನುಮತಿಗಾಗಿ ತುಂಬುವ ಅರ್ಜಿಯಲ್ಲಿ 'ಭೇಟಿಯ ಉದ್ದೇಶ' ಎಂಬ ಕಾಲಂ ಇರುತ್ತದೆ. ಎಲ್ಲರೂ 'ಪ್ರವಾಸ' ಎಂದು ಒಂದೇ ಪದ ಬರೆದು ಮುಂದಕ್ಕೆ ಹೋಗುತ್ತೇವೆ. ಸ್ನೇಹಿತರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ಪಟ್ಟಿಯಲ್ಲಿಯೂ ಆ ಕಾಲಂ ಸೇರಿಸಿ, ಒಂದು ಪೂರ್ಣ ವಾಕ್ಯ ಬರೆಯಿರಿ, ಕರ್ತೃಪದವನ್ನು ಬಿಡದೆ ಬರೆಯಿರಿ. ಸೆಪ್ಟೆಂಬರಿನ ಟಿಕೆಟ್ಟುಗಳನ್ನು ಈಗ ರದ್ದು ಮಾಡಿದರೆ ಸ್ವಲ್ಪ ಹಣ ಹೋಗುತ್ತದೆ, ಹೋಗಲಿ. ಮುಂದಿನ ತಿಂಗಳಿಂದ ಈಜುಕೊಳಕ್ಕೆ ಬರುವವರಿದ್ದರೆ ನಾನೂ ಹೆಸರು ಕೊಡುತ್ತೇನೆ.